ಪದ್ಮಜಾ ಹುಡುಕಿದ್ದು

ಲಕ್ಷ್ಮೇಶ್ವರದಲ್ಲಿ ಯಾರ ಕಂಪ್ಯೂಟರ್ ಮುಂದೆ ಕೂತರೂ ಪದ್ಮಜಾಳ ಕೈ ಸುಮ್ಮನಿರುತ್ತಿರಲಿಲ್ಲ. ಗಂಡ ಪವಮಾನಾಚಾರ್ಯರದು ಹನುಮಪ್ಪನ ಗುಡಿಯ ಪೂಜೆ. ಬೆಳಿಗ್ಗೆ ಮಡಿಯಲ್ಲಿ ನೈವೇದ್ಯದ ಅಡುಗೆ ಮಾಡಿಟ್ಟು, ಸೀರೆ ಬದಲಿಸಿ, ಕಾಲೇಜಿನ ಆಫೀಸಿಗೆ ಬಂದು ಕುರ್ಚಿ ಎಳೆದುಕೊಂಡಳೆಂದರೆ ಅಲ್ಲಿ ಅವಳೇ ಪಂಡಿತೆ. ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಯಾವುದು, ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸುವುದು ಯಾವುದು, ತಪ್ಪಿ ಮುಚ್ಚಿದ ಟ್ಯಾಬನ್ನು ಮತ್ತೆ ತೆರೆಯುವುದು ಹೇಗೆ, ಎಲ್ಲ ಬಾಯಿಪಾಠ. ಪ್ರಿನ್ಸಿಪಾಲರಿಗೇ ಒಮ್ಮೆ ಬುದ್ಧಿ ಹೇಳಿದ್ದಳು: "ಸರ್, ಮಂದಿ ಕಂಪ್ಯೂಟರಿನ್ಯಾಗ ನಿಮ್ಮ ಅಕೌಂಟ್ ತಗದಿಟ್ಟು ಎದ್ದು ಬರಬ್ಯಾಡ್ರಿ. ಮನಿ ಬಾಗಲಾ ತಗದಿಟ್ಟು ಊರಿಗೆ ಹೋದಂಗ ಅದು."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಆ ತಪ್ಪು ಮಾಡಿದವಳೂ ಅವಳೇ.

ಎದುರು ಮನೆಯ ಗುಲ್ನಾಜ ರವಿಕೆಗಳಿಗೆ ಕಸೂತಿ ಹಾಕುವವಳು. ಶಿರಹಟ್ಟಿ, ಮುಂಡರಗಿಯಿಂದಲೂ ಮದುವೆಯ ರವಿಕೆಗಳು ಅವಳ ಮನೆಗೆ ಬರುತ್ತವೆ. ಹೊಸ ಹೊಸ ಡಿಸೈನು ನೋಡಲು ಗದಗಿನಿಂದ ಒಂದು ಹಳೆಯ ಲ್ಯಾಪ್‌ಟಾಪ್ ತಂದಿದ್ದಳು. ತೆರೆದರೆ ಸಾಕು, ಡಿಸೈನಿಗಿಂತ ಮೊದಲು ಜಾಹೀರಾತು ಕುಣಿಯುತ್ತಿದ್ದವು. "ಅಕ್ಕಾರ, ಇದೇನೈತಿ ನೋಡ್ರಿ, ಡಿಸೈನ ಕಾಣವಲ್ದು" ಎಂದು ಕರೆದಳು. ಪದ್ಮಜಾ ಹೋದಳು. ಒಂದೊಂದೇ ಎಕ್ಸ್‌ಟೆನ್ಶನ್ ಹಾಕುತ್ತ ಕೂತರೆ ಹೊತ್ತಾಗುತ್ತದೆಂದು ಅದರ ಬ್ರೌಸರಿಗೆ ತನ್ನದೇ ಅಕೌಂಟಿನಿಂದ ಒಳಹೊಕ್ಕಳು. ಅವಳ ಮನೆಯ ಕಂಪ್ಯೂಟರಿನಲ್ಲಿದ್ದದ್ದೆಲ್ಲ ಸಾಲಾಗಿ ಇಳಿದು ಬಂತು. ಗುಲ್ನಾಜ ಕೈ ಮುಗಿದಳು. ಅಷ್ಟರಲ್ಲಿ ಅತ್ತೆ ಸುಂದರಾಬಾಯಿ ಎದುರಿನಿಂದ ಕೂಗಿದರು. ಪದ್ಮಜಾ ಎದ್ದು ಓಡಿದಳು, ಅಕೌಂಟ್ ಅಲ್ಲೇ ಉಳಿಯಿತು. ಅಂದಿನಿಂದ ಅವಳು ಮನೆಯಲ್ಲಿ ಹುಡುಕಿದ್ದೆಲ್ಲ ಎದುರು ಮನೆಯ ಲ್ಯಾಪ್‌ಟಾಪಿನಲ್ಲೂ ಹುಡುಕುವ ಜಾಗದ ಕೆಳಗೆ ಬಂದು ಕೂರತೊಡಗಿತು. ಪಂಡಿತೆಗೆ ಮಾತ್ರ ಅದರ ಖಬರೇ ಇರಲಿಲ್ಲ.

ರಂಜಾನ್ ದಿನ ಗುಲ್ನಾಜ ಕೈ ಹಿಡಿದು ಒಳಗೆ ಕೂರಿಸಿ ಸುರಕುಂಬಾ ಕೊಟ್ಟಳು. ಇಷ್ಟು ವರ್ಷ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದ ಪದ್ಮಜಾ ಅಂದು ಒಂದು ಚಮಚ ಬಾಯಿಗಿಟ್ಟಳು. ಹಾಲಿನಲ್ಲಿ ಬೆಂದ ಶ್ಯಾವಿಗೆ, ಒಣ ಖರ್ಜೂರದ ಖಾರೀಕು, ತುಪ್ಪದ ಘಮ. ಬಟ್ಟಲು ಬರಿದಾಯಿತು. "ಇನ್ನೊಂಚೂರು ಹಾಕ" ಎಂದು ತಾನೇ ಕೇಳಿದಳು. ಗುಲ್ನಾಜಳ ಮುಖ ಅರಳಿದ್ದನ್ನು ನೋಡಬೇಕಿತ್ತು.

ಮನೆಗೆ ಬಂದ ಮೇಲೆ ಭಯ ಹತ್ತಿತು. ನಾಳೆ ಬೆಳಿಗ್ಗೆ ಇದೇ ಕೈಯಿಂದ ನೈವೇದ್ಯಕ್ಕೆ ಅಕ್ಕಿ ತೊಳೆಯಬೇಕು. ಅತ್ತೆಯನ್ನು ಕೇಳುವ ಧೈರ್ಯವಿಲ್ಲ. ಗಂಡನನ್ನು ಕೇಳಿದರೆ ಬೈದಾರೋ ನಕ್ಕಾರೋ ತಿಳಿಯದು. ಕಂಪ್ಯೂಟರ್ ತೆರೆದು ಬರೆದಳು: 'ಮುಸ್ಲಿಮರ ಮನೆಯ ಪಾಯಸ ತಿಂದರೆ ದೋಷವೇ? ಪ್ರಾಯಶ್ಚಿತ್ತ ಏನು?' ಗುಟ್ಟಿನ ಹುಡುಕಾಟಕ್ಕೆ ಪ್ರೈವೇಟ್ ವಿಂಡೋ ಇದೆಯೆಂದು ಆಫೀಸಿಗೆಲ್ಲ ಸಾರಿದ್ದವಳು, ಆ ಗಡಿಬಿಡಿಯಲ್ಲಿ ತಾನೇ ಮರೆತಳು. ಯಾವುದೋ ಪುಟದಲ್ಲಿ ಏನೋ ಹೇಳಿತ್ತು. ತಲೆಗೆ ನೀರು ಹಾಕಿಕೊಂಡಳು, ತುಳಸಿ ಎಲೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಎಲ್ಲ ಮರೆತೇಹೋಯಿತು.

ಒಮ್ಮೆ ಗುಲ್ನಾಜ, "ಮೊಣಕಾಲು ಈಗ ಹ್ಯಾಂಗ ಅದಾವ್ರಿ ಅಕ್ಕಾರ?" ಎಂದು ಕೇಳಿದ್ದಳು. ತಾನು ಯಾರಿಗೂ ಹೇಳಿರಲಿಲ್ಲವಲ್ಲ, ಇವಳಿಗೆ ಹೇಗೆ ತಿಳಿಯಿತು ಎಂದು ಪದ್ಮಜಾಗೆ ಸೋಜಿಗ. ಮೆಟ್ಟಿಲು ಹತ್ತುವಾಗ ನೋಡಿರಬೇಕೆಂದು ಸುಮ್ಮನಾದಳು.

ಬಕ್ರೀದ್ ಬಂತು. ಗುಲ್ನಾಜ ಬಾಗಿಲಿಗೆ ಬಂದಳು, ಹೊಸ್ತಿಲಾಚೆಯೇ ನಿಂತು ಒಂದು ಚೀಲ ಮುಂದೆ ಚಾಚಿದಳು. ಒಣ ಶ್ಯಾವಿಗೆ, ಸಕ್ಕರೆ, ಗೋಡಂಬಿ, ಖಾರೀಕು. "ನಿಮ್ಮ ಮನ್ಯಾಗ ನೀವ ಮಾಡಿಕೊಳ್ರಿ ಅಕ್ಕಾರ. ಹಾಲು ನಿಮ್ಮದ ಹಾಕ್ರಿ." ಬ್ರಾಹ್ಮಣರಿಗೆ ಬೇಯಿಸದ ಸಾಮಾನು ಕೊಟ್ಟರೆ ದೋಷವಿಲ್ಲ, ಅದು ಹಿಂದಿನಿಂದ ಬಂದ ಪದ್ಧತಿ. ಇವತ್ತು ಅವರ ಒಲೆಯ ಮೇಲೆ ಮಾಂಸ ಬೇಯುತ್ತದೆ, ಅದಕ್ಕೇ ಹೀಗೆ ತಂದಿದ್ದಾಳೆ, ತಿಳಿದವಳು ಎಂದು ಪದ್ಮಜಾ ಮೆಚ್ಚಿಕೊಂಡಳು. ಚೀಲ ಅಟ್ಟಣಿಗೆ ಸೇರಿತು.

ಆ ವಾರವೇ ಲ್ಯಾಪ್‌ಟಾಪ್ ತೀರ ನಿಧಾನವಾಗಿದೆಯೆಂದು ಕರೆ ಬಂತು. ಗುಲ್ನಾಜ ಮಂಚದ ಮೇಲೆ ಕೂತು ಹಸಿರು ರವಿಕೆಗೆ ಮಣಿ ಪೋಣಿಸುತ್ತಿದ್ದಳು. "ಹಳೇದೆಲ್ಲಾ ಕಸಾ ಹೊಡದಂಗ ಅಳಿಸಿಬಿಡೋಣ ತಡಿ" ಎನ್ನುತ್ತ ಪದ್ಮಜಾ ಹಿಸ್ಟರಿ ತೆರೆದಳು.

ನವಿಲು ಕಸೂತಿ. ಮದುವೆ ರವಿಕೆ. ಏಕಾದಶಿ ಯಾವಾಗ. ಮೊಣಕಾಲು ನೋವಿಗೆ ಎಣ್ಣೆ. ಪದ್ಮಜಾಳ ಬೆರಳು ನಿಧಾನವಾಯಿತು. ಏಕಾದಶಿ ಗುಲ್ನಾಜಳಿಗೆ ಯಾಕೆ? ಕೆಳಗೆ ಸರಿಸುತ್ತ ಹೋದಳು. ರಂಜಾನ್ ದಿನದ ಸಂಜೆಗೆ ಬಂದು ಮುಟ್ಟಿದಳು. ಅವಳದೇ ಅಕ್ಷರಗಳು ಅಲ್ಲಿ ಕಾಯುತ್ತಿದ್ದವು.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೊಣಕಾಲಿನ ಮಾತು, ಹೊಸ್ತಿಲಾಚೆ ನಿಂತದ್ದು, ಬೇಯಿಸದ ಶ್ಯಾವಿಗೆ, ಎಲ್ಲ ಒಮ್ಮೆಲೇ ಅರ್ಥವಾಯಿತು. ಗಡಿಬಿಡಿಯಿಂದ ಎಲ್ಲ ಅಳಿಸಿದಳು, ಅಕೌಂಟಿನಿಂದ ಹೊರಬಂದಳು. ಜಾಹೀರಾತು ತಡೆಯುವುದು, ಕನ್ನಡಕ್ಕೆ ತಿರುಗಿಸುವುದು ಎಲ್ಲ ಅದರ ಜೊತೆಗೇ ಹೋದವು. ಗುಲ್ನಾಜ ಸೂಜಿಯಿಂದ ಕಣ್ಣೆತ್ತಲಿಲ್ಲ.

"ನೀ ನೋಡೀಯೇನ?" ಪದ್ಮಜಾಳ ದನಿ ಅವಳಿಗೇ ಕೇಳಿಸಲಿಲ್ಲ.

"ನೋಡೇನ್ರಿ. ಅವತ್ತ ನೋಡೇನಿ." ಗುಲ್ನಾಜ ದಾರ ಕಡಿದಳು. "ಸಿಟ್ಟೇನಿಲ್ರಿ ಅಕ್ಕಾರ. ನನ್ನಿಂದ ನಿಮಗ ಪಾಪ ಯಾಕ ಹತ್ತಬೇಕು?"

ಬೈದಿದ್ದರೆ ಪದ್ಮಜಾ ತಡೆದುಕೊಳ್ಳುತ್ತಿದ್ದಳು. ಏನಾದರೊಂದು ಮಾಡಿ ಇದನ್ನು ಸರಿಪಡಿಸಬೇಕೆಂದು ಸುತ್ತ ನೋಡಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಳ ಮುಚ್ಚಿದ ಪಾತೇಲಿಯೊಂದಿತ್ತು, ತುಪ್ಪದ ಅದೇ ಘಮ.

"ಸುರಕುಂಬಾ ಅದ ಅಲ್ಲ? ನನಗೊಂದು ಬಟ್ಟಲಾ ಹಾಕವಾ. ಇಲ್ಲೇ ಕುಂತು ತಿಂತೀನಿ."

ಗುಲ್ನಾಜ ಮೊದಲ ಸಲ ಮುಖ ಎತ್ತಿದಳು. ಕಣ್ಣಲ್ಲಿ ನೀರಿತ್ತು, ತುಟಿಯ ಮೇಲೆ ನಗೆಯೂ ಇತ್ತು.

"ಬ್ಯಾಡ್ರಿ ಅಕ್ಕಾರ," ಎಂದಳು. "ಮನಿಗೆ ಹೋಗಿ ಮತ್ತ ಹುಡುಕತೀರಿ."