ಬಹ್ಮನ್ ಎಂದು ಕೂಗಿದ್ದು ಯಾರನ್ನು

ಮಸೀದಿಯ ಗೋಡೆಗೆ ಅಂಟಿಸಿದ ಸಾವಿನ ಪ್ರಕಟಣೆಯಲ್ಲಿ ನೊಸ್ರತುಲ್ಲಾ ಕಿಯಾಪಾಶಾ ಎಂಬ ಹೆಸರಿತ್ತು. ನಮ್ಮೂರಿನವರೇ ಅದರ ಮುಂದೆ ನಿಂತು, "ಯಾರಿವರು? ಕೆಳಗಿನ ಕೇರಿಯೋರಾ?" ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಪಕ್ಕದಲ್ಲಿ ಪೆನ್ನಿನಿಂದ 'ಬಹ್ಮನ್' ಎಂದು ಬರೆದರು. ಆಮೇಲೆ ಎಲ್ಲರೂ ಬಂದರು, ಸಾವಿಗೆಂದು ಹಂಚುವ ಹಲ್ವಾ ತಿಂದರು, ಅತ್ತರು.

ನಮ್ಮ ಭಾಷೆಯಲ್ಲಿ ಬಹ್ಮನ್ ಎಂದರೆ ಚಳಿಗಾಲದ ನಡುವಿನ ತಿಂಗಳು. ಬೆಟ್ಟದಿಂದ ಕುಸಿದು ಬರುವ ಹಿಮರಾಶಿಗೂ ಅದೇ ಹೆಸರು. ಗಂಡುಮಕ್ಕಳಿಗೂ ಇಡುವುದುಂಟು. ಆದರೆ ನನ್ನ ಗೆಳೆಯನಿಗೆ ಅದನ್ನು ಇಟ್ಟದ್ದು ಹೆತ್ತವರಲ್ಲ, ಸ್ಕೀ ಮೈದಾನದವರು.

ಹಿಮದ ವರದಿ ಹೇಳುವುದು ನೊಸ್ರತ್‌ನ ಕೆಲಸ. ಬೆಳಿಗ್ಗೆ ಮೇಲೆ ಹೋಗಿ, ಹಿಮಕ್ಕೆ ಕೋಲು ಚುಚ್ಚಿ, ಗಾಳಿ ನೋಡಿ, ಯಾವ ಇಳಿಜಾರು ತೆರೆಯಬಹುದು, ಯಾವುದು ಬೇಡ ಎಂದು ಹೇಳಬೇಕು. ಟೆಹರಾನಿನಿಂದ ಬರುವವರು ಅವನ ವರದಿಯನ್ನು ಫೋನಿನಲ್ಲಿ ಕೇಳಿಕೊಂಡು ಹೊರಡುತ್ತಿದ್ದರು. ಅವರಿಗೆ ಬೇಕಾದದ್ದು ಒಂದೇ ಅಂಕಿ: ಎಷ್ಟು ಸೆಂಟಿಮೀಟರ್ ಬಿದ್ದಿದೆ? ನೊಸ್ರತ್‌ಗೆ ಆ ಅಂಕಿ ಕಂಡರಾಗದು.

"ಮೂವತ್ತು ಸೆಂಟಿಮೀಟರ್ ಅಂತಾರೆ, ಕೇಳಿದ್ಯಾ? ಮದುವೆ ದಲ್ಲಾಳಿ ಗಂಡಿನ ವಯಸ್ಸು ಹೇಳ್ದಂಗೆ," ಎನ್ನುತ್ತಿದ್ದ, ನನ್ನ ಅಂಗಡಿಯ ಒಲೆಗೆ ಬೆನ್ನು ಕಾಯಿಸುತ್ತ. ನಾನು ಸ್ಕೀ ಹಲಗೆಗಳಿಗೆ ಮೇಣ ಹಚ್ಚುವವನು. ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಬುಡದಲ್ಲೇ ನನ್ನ ಅಂಗಡಿ. "ಪೂರ್ತಿ ಸುಳ್ಳಲ್ಲ. ಆದ್ರೆ ಹತ್ರ ಹೋಗಿ ಮುಖ ನೋಡ್ಬೇಕು. ಬೀಳೋದು ಒಂದು ಕಡೆ, ಗಾಳಿ ಹೊತ್ಕೊಂಡೋಗಿ ಕೂರ್ಸೋದು ಇನ್ನೊಂದು ಕಡೆ. ಈ ಪಕ್ಕ ಬರೀ ಕಲ್ಲು, ಆ ಪಕ್ಕ ಆಳುದ್ದ."

ಅವನು ಒಳ್ಳೆಯ ಮನುಷ್ಯ ಎಂದಷ್ಟೇ ಬರೆದರೆ ಸುಳ್ಳಾಗುತ್ತದೆ. ಮುಂಗೋಪಿ. ಪಗಡೆಯಲ್ಲಿ ಕೈಚಳಕ ತೋರಿಸುತ್ತಿದ್ದ, ಹಿಡಿದುಹಾಕಿದರೆ ನನಗೇ ಬಯ್ಯುತ್ತಿದ್ದ. ಜೇಬಿನಲ್ಲಿ ಒಣಗಿದ ಹಿಪ್ಪುನೇರಳೆ ಹಣ್ಣು ಇಟ್ಟುಕೊಂಡಿರುತ್ತಿದ್ದ. ಕೇಳಿದರೆ ಒಂದು ಕೊಡುತ್ತಿದ್ದ, ಎರಡನೆಯದಕ್ಕೆ ಮುಖ ಗಂಟಿಕ್ಕುತ್ತಿದ್ದ. ವರದಿಯೂ ಎಷ್ಟೋ ಸಲ ತಪ್ಪುತ್ತಿತ್ತು. ಈ ಚಳಿಗಾಲದಲ್ಲೇ ಎರಡು ಸಲ ಮೇಲಿನ ಇಳಿಜಾರನ್ನು ಮುಚ್ಚಿಸಿದ್ದ. ಎರಡು ಸಲವೂ ಒಂದು ಹಿಡಿ ಹಿಮ ಕದಲಲಿಲ್ಲ. ಗಂಟೆಗಟ್ಟಲೆ ಗಾಡಿ ಓಡಿಸಿಕೊಂಡು ಬಂದ ಜನ ಲಿಫ್ಟಿನ ಸಾಲಿನಲ್ಲಿ ನಿಂತು, "ಏನ್ ಚಿಕ್ಕಪ್ಪಾ, ಬಹ್ಮನ್ ಬಂತಾ? ಚಹಾ ಕುಡ್ಕೊಂಡು ಬರತ್ತಾ?" ಎಂದು ಕೂಗಿದರು.

ಮೈದಾನದ ವ್ಯವಸ್ಥಾಪಕ ಇಂಜಿನಿಯರ್ ಫರ್‌ಹೂದ್ ವರ್ಷಗಳ ಹಿಂದೆಯೇ ಇಂಥದೊಂದು ಕೂಗನ್ನು ಎತ್ತಿಕೊಂಡಿದ್ದರು. "ಬನ್ನಿ ಬಹ್ಮನ್ ಅವರೇ, ಇವತ್ತು ಯಾರ ಮೇಲೆ ಬೀಳ್ತೀರಿ?" ಲಿಫ್ಟಿನ ಹುಡುಗರಿಗೂ ಅದು ರುಚಿಸಿತು. ಕೆಲಸದವರು ಮಾತಾಡಿಕೊಳ್ಳುವ ರೇಡಿಯೋದಲ್ಲೂ ಅದೇ ಹೆಸರು ಶುರುವಾಯಿತು, ಬರುಬರುತ್ತ ಊರಿನವರ ಬಾಯಲ್ಲೂ ಅದೇ ನಿಂತಿತು. ನಾನು ಸಿಟ್ಟಾದರೆ ಅವನು, "ಕರೀಲಿ ಬಿಡೋ. ಕರೆದಾಗ್ಲಾದ್ರೂ ಒಂದು ಮಾತು ಕೇಳ್ತಾರೇನೋ," ಎಂದ. ಅವನಿಗೆ ಬೇಕಾದದ್ದು ಅಷ್ಟೇ. ತೆರೆಯುವ ಮುಂಚೆ ತನ್ನನ್ನೊಂದು ಮಾತು ಕೇಳಬೇಕು.

ಆ ಶುಕ್ರವಾರ, ರಜೆಯ ದಿನ, ಬಿರುಗಾಳಿ ನಿಂತು ಆಕಾಶ ತೊಳೆದಿಟ್ಟಂತೆ ನೀಲಿಯಾಗಿತ್ತು. ನನ್ನ ಅಂಗಡಿಯ ಮುಂದೆ ಸಾಲು ರಸ್ತೆಯವರೆಗೆ ಬೆಳೆದಿತ್ತು. ಇಂಜಿನಿಯರ್ ಮತ್ತು ನೊಸ್ರತ್ ಎಲ್ಲರ ಎದುರಿಗೇ ನಿಂತಿದ್ದರು.

"ಮೇಲಿನ ಇಳಿಜಾರು ಇವತ್ತು ಬೇಡ ಸಾಹೇಬ್ರೇ."

"ಆಕಾಶ ನೋಡಿದ್ರಾ?"

"ಆಕಾಶ ಬೀಳಲ್ಲ. ಗಾಳಿ ತಂದು ಕೂರ್ಸಿರೋ ಹಿಮ ಬೀಳತ್ತೆ. ಅಡಿಯಲ್ಲಿ ಹಳೇದು ಸಕ್ಕರೆ ಥರ ಪುಡಿಪುಡಿಯಾಗಿದೆ, ಒಂದಕ್ಕೊಂದು ಅಂಟಿಲ್ಲ."

"ಹೋದ ವಾರನೂ ಇದನ್ನೇ ಹೇಳಿದ್ರಿ. ಬಿತ್ತಾ?"

"ಇಲ್ಲ."

"ಅದಕ್ಕೂ ಮುಂಚೆ?"

"ಅವತ್ತೂ ಇಲ್ಲ."

"ಇವತ್ತು ಬಿದ್ದೇ ಬೀಳತ್ತೆ ಅಂತ ಆಣೆ ಮಾಡ್ತೀರಾ?"

"ಆಣೆ ಹೇಗೆ ಮಾಡ್ಲಿ? ನಂಗೊತ್ತಿಲ್ಲ. ಗೊತ್ತಿಲ್ದೇ ಇರೋದಕ್ಕೇ ಮುಚ್ಚಿ ಅಂತಿದೀನಿ."

ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. "ಗೊತ್ತಿಲ್ಲ ಅನ್ನೋಕೆ ಒಬ್ಬನಿಗೆ ಸಂಬಳಾನಾ!" ಎಂದಳೊಬ್ಬಳು. ಇಂಜಿನಿಯರ್ ದಡ್ಡರಲ್ಲ, ಹಿಮ ಬಲ್ಲವರು. ಮೆತ್ತಗೆ ಹೇಳಿದರು: "ಹೋಗಿ, ಇನ್ನೊಂದ್ಸಲ ಅಗೆದು ನೋಡಿ. ರೇಡಿಯೋದಲ್ಲಿ ನಾನೇ ಕರೆದು ಕೇಳ್ತೀನಿ. ನೀವು ಹೂಂ ಅನ್ನೋವರ್ಗೂ ತೆಗೆಯಲ್ಲ."

ನೊಸ್ರತ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಗೆದ್ದೆ ಎಂದರ್ಥ. ಸಲಿಕೆ ಹೆಗಲಿಗೇರಿಸಿ ಹೊರಟ.

ಅವನು ಮೇಲಿನ ಇಳಿಜಾರಿನ ಬುಡದ ಕೊರಕಲಿನ ಅಂಚಿನಲ್ಲಿ ಗುಂಡಿ ತೋಡುತ್ತ, ಕರೆಗಾಗಿ ಕಾದ. ಇಲ್ಲಿ ಸಾಲು ಬೆಳೆಯಿತು, ಬೈಗುಳವೂ ಬೆಳೆಯಿತು. ಇಂಜಿನಿಯರ್ ಎರಡು ಸಲ ರೇಡಿಯೋ ಕೈಗೆತ್ತಿಕೊಂಡದ್ದನ್ನು ನಾನು ಕಂಡೆ. ಎರಡು ಸಲವೂ ಕೆಳಗಿಟ್ಟರು. ಕೇಳಿದರೆ ಬೇಡ ಎನ್ನುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಕೊನೆಗೆ ಲಿಫ್ಟಿನವನತ್ತ ಕೈಬೀಸಿ, ಬಿಡು ಎಂದು ಸನ್ನೆ ಮಾಡಿದರು.

ಮೊದಲ ಗುಂಪು ಮೇಲೆ ತಲುಪಿ ಇಳಿಯತೊಡಗಿತು. ತುದಿಯ ಗುಡಿಸಲಿನಲ್ಲಿದ್ದ ಲಿಫ್ಟಿನ ಹುಡುಗ ಮನೂಚೆಹ್ರ್‌ಗೆ ಇಳಿಜಾರಿಗೆ ಅಡ್ಡಲಾಗಿ ಬಿರುಕು ಓಡಿದ್ದು ಕಾಣಿಸಿತು. ರೇಡಿಯೋದಲ್ಲಿ ಕೂಗಿದ:

"ಬಹ್ಮನ್! ಬಹ್ಮನ್!"

ನನ್ನ ಅಂಗಡಿಯ ರೇಡಿಯೋದಲ್ಲೂ ಅದು ಕೇಳಿಸಿತು. ಹಿಂದೆಯೇ ನೊಸ್ರತ್‌ನ ದನಿ: "ಹೂಂ, ಹೇಳಪ್ಪಾ, ಇಲ್ಲೇ ಇದೀನಿ. ಹೇಳು, ಕೇಳಿಸ್ತಿದೆ."

ಮತ್ತೆ ಏನೂ ಕೇಳಿಸಲಿಲ್ಲ.

ಅವನು ನಿಂತಿದ್ದಲ್ಲಿಂದ ಬಂಡೆಯ ಮರೆಗೆ ನಾಲ್ಕು ಹೆಜ್ಜೆ. 'ಓಡು' ಎಂದಿದ್ದರೆ ಓಡುತ್ತಿದ್ದ. ಇಳಿಯುತ್ತಿದ್ದವರೆಲ್ಲ ಪಕ್ಕಕ್ಕೆ ಜಾರಿ ಬದುಕಿಕೊಂಡರು. ಒಬ್ಬಳ ಕಾಲು ಉಳುಕಿತು.

ವಿಚಾರಣೆಗೆ ಬಂದವರು ಮನೂಚೆಹ್ರ್‌ನನ್ನು ಕೇಳಿದರು: ಕರೆದದ್ದು ಮನುಷ್ಯನನ್ನೋ, ಕೂಗಿದ್ದು ಕುಸಿತವನ್ನೋ? "ಹಿಮ ಬಂತು ಅಂತ ಕೂಗ್ದೆ ಸ್ವಾಮೀ," ಎಂದ ಮೊದಲು. ಆಮೇಲೆ, "ಅವನನ್ನೂ ಕರೆದ್ನೇನೋ. ನನ್ನ ಬಾಯಿಗೆ ಎರಡೂ ಒಂದೇ ಆಗೋಗಿತ್ತು," ಎಂದು ತಲೆ ತಗ್ಗಿಸಿದ. ಈಗ ರೇಡಿಯೋದಲ್ಲಿ ಅಡ್ಡಹೆಸರು ಕೂಡದು ಎಂಬ ಆಜ್ಞೆಯಾಗಿದೆ. ತಪ್ಪು ಒಂದು ಶಬ್ದದ್ದು ಎಂದು ತೀರ್ಮಾನವಾದರೆ ಎಲ್ಲರಿಗೂ ಅನುಕೂಲ.

ಮಸೀದಿಯಲ್ಲಿ ಇಂಜಿನಿಯರ್ ಎದ್ದು ನಿಂತು, ಈ ಮನುಷ್ಯನಿಗೆ ಎಲ್ಲ ಮೊದಲೇ ಗೊತ್ತಿತ್ತು, ಬೆಟ್ಟ ಅವನ ಜೊತೆ ಮಾತಾಡುತ್ತಿತ್ತು ಎಂದರು. ಜನ ತಲೆದೂಗಿದರು. ಲಿಫ್ಟಿನ ಸಾಲಿನಲ್ಲಿ ಈಗ ಅದೇ ಕಥೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅಷ್ಟು ಜನರ ಮುಂದೆ ಹೇಳಿ ನಗಿಸಿಕೊಂಡಿದ್ದ. ಬದುಕಿದ್ದಾಗ ಆ ಮಾತಿಗೆ ಬೆಲೆ ಕೊಡದವರು ಸತ್ತ ಮೇಲೆ ಅದನ್ನೂ ಕಿತ್ತುಕೊಂಡು ಅವನನ್ನು ಜ್ಯೋತಿಷಿ ಮಾಡಿದ್ದಾರೆ. ಜ್ಯೋತಿಷಿಯ ಮಾತು ಕೇಳದಿರುವುದು ದೊಡ್ಡ ತಪ್ಪಲ್ಲ, ಅಲ್ಲವೇ?

ಸಾವಿನ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಅವನ ಹೆಂಡತಿ ಗುಲ್‌ಚೆಹ್ರೆ ನನ್ನನ್ನು ಬಾಗಿಲಿನವರೆಗೆ ಕಳಿಸಲು ಬಂದಳು.

"ರೇಡಿಯೋದಲ್ಲಿ ನೀವು ಕೇಳಿಸ್ಕೊಂಡ್ರಂತೆ ಅಣ್ಣಾ. ನಿಜ ಹೇಳಿ. ಅವ್ರು ಹೆದರಿದ್ರಾ?"

"ಇಲ್ಲಮ್ಮಾ."

"ನನ್ನಾಣೆಗೂ?"

"ನಿನ್ನಾಣೆಗೂ ಇಲ್ಲ."

ಅದು ನಿಜ. ಆ ದನಿಯಲ್ಲಿ ಭಯ ಇರಲಿಲ್ಲ, ಹಿಗ್ಗು ಇತ್ತು. ಬೆಳಗಿನಿಂದ ಕಾದವನಿಗೆ ಕೊನೆಗೂ ಕರೆ ಬಂದಿತ್ತು. ತನ್ನನ್ನು ಕೇಳುತ್ತಿದ್ದಾರೆ ಎಂದುಕೊಂಡಿದ್ದ. ಇದನ್ನು ನಾನು ಅವಳಿಗೆ ಹೇಳಲಿಲ್ಲ.

"ಅಷ್ಟು ಸಾಕು," ಎಂದು ಅವಳು ಬಾಗಿಲು ಹಾಕಿಕೊಂಡಳು.