ಕೂಗದೆ ಹಸಿವಿಲ್ಲ

ಮೊನ್ನೆ ಜಯನಗರದ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದೆ. ಹಿಂದಿನ ಮನೆಯಲ್ಲಿ ಯಾರದೋ ಕುಕ್ಕರ್ ಕೂಗಿತು. ತಿಂಡಿ ತಿಂದು ಒಂದು ಗಂಟೆಯೂ ಆಗಿರಲಿಲ್ಲ, ಆದರೂ ಬಾಯಲ್ಲಿ ನೀರೂರಿತು. ಗಡಿಯಾರ ನೋಡಿ ಹಸಿಯುವುದನ್ನು ರೂಢಿಸಿಕೊಂಡ ನನ್ನಂಥವನಿಗೆ ಇದಕ್ಕಿಂತ ಅವಮಾನ ಉಂಟೇ? ಎಲ್ಲ ಅಕ್ಕ ಅಂಟಿಸಿದ ರೋಗ.

ಕಳೆದ ವರ್ಷ ಮಂಡಿ ಆಪರೇಷನ್ ಆದಮೇಲೆ ಅಕ್ಕ ಜೆ.ಪಿ. ನಗರದ ನನ್ನ ಮನೆಗೆ ಬಂದಳು. ಹೆಂಡತಿ ತೀರಿಕೊಂಡ ಮೇಲೆ ನಾನೇ ಬೇಯಿಸಿಕೊಳ್ಳುತ್ತೇನೆ, ಎಲೆಕ್ಟ್ರಿಕ್ ಕುಕ್ಕರಿನಲ್ಲಿ. ಅನ್ನ, ಬೇಳೆ ಎರಡೂ ಸದ್ದಿಲ್ಲದೆ ಬೇಯುತ್ತವೆ. ದೀಪ ಬದಲಾದರೆ ಊಟ. ಹನ್ನೆರಡೂವರೆಗೆ ತಟ್ಟೆ ಹಾಕಿದರೆ ಅಕ್ಕ ಎರಡು ತುತ್ತು ತಿಂದು ಕೈತೊಳೆಯುವಳು. ಮಾತ್ರೆಗಳೆಲ್ಲ ಊಟದ ಮೇಲಿನವು. ಖಾಲಿ ಹೊಟ್ಟೆಗೆ ನುಂಗಿ ಒದ್ದಾಡುವಳು. ಬಳೆ ಮೊಣಕೈಯತ್ತ ಜಾರತೊಡಗಿತು.

"ಹೊತ್ತಾಯ್ತು ಕಣೇ ಅಕ್ಕ, ಗಡಿಯಾರ ನೋಡು."

"ಗಡಿಯಾರ ನೋಡಿದ್ರೆ ಹಸಿವಾಗುತ್ತೇನೋ? ನಿಂದು ಹೊಟ್ಟೆನೋ, ಬಸ್ ಸ್ಟ್ಯಾಂಡೋ?"

ಒಂದು ಬೆಳಿಗ್ಗೆ ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು. ಅಕ್ಕ ಸೋಫಾದಿಂದಲೇ, "ತಟ್ಟೆ ಹಾಕೋ, ಹೊಟ್ಟೆ ಚುರುಗುಟ್ತಿದೆ" ಎಂದಳು. ಗಂಟೆ ಹತ್ತು! ನಾನಿನ್ನೂ ಅಕ್ಕಿಯನ್ನೇ ತೊಳೆದಿರಲಿಲ್ಲ. ಮದುವೆಯಾದಾಗಿನಿಂದ ಕೂಗು ಎಣಿಸಿ ಎಲ್ಲರಿಗೂ ಬಡಿಸಿದವಳ ಹೊಟ್ಟೆ ಕೂಗಿಗೇ ಓಗೊಡುತ್ತದೆಂದು ಆಗ ಹೊಳೆಯಿತು. ಹಾಗೆಂದು ಪಕ್ಕದಾಕೆಗೆ "ಸ್ವಲ್ಪ ತಡವಾಗಿ ಅಡುಗೆ ಮಾಡಿ" ಎನ್ನಲಾದೀತೇ? ನೀವೇ ಹೇಳಿ.

ಅಟ್ಟದಿಂದ ಹಳೆಯ ಕುಕ್ಕರ್ ಇಳಿಸಿದೆ. ದಿನಾ ಊಟದ ಹೊತ್ತಿಗೆ ಬರೀ ನೀರು ಹಾಕಿ ಕೂಗಿಸತೊಡಗಿದೆ. ಎಂಥ ಹುಚ್ಚು! ಗ್ಯಾಸ್ ದಂಡ, ಅಡುಗೆಮನೆ ತುಂಬ ಹಬೆ. ಆದರೆ ಮೂರನೆಯ ಕೂಗಿಗೆ ಅಕ್ಕ ಕೋಲೂರಿಕೊಂಡು ಬಂದು ಕೂತು, ಸಾರು ಇನ್ನೊಂದು ಸೌಟು ಕೇಳುವಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ತಿಂಗಳು ಕಳೆದ ಮೇಲೆ ಉಣ್ಣುತ್ತಲೇ ಅಂದಳು: "ದಿನಾ ಬರೀ ನೀರು ಕೂಗಿಸ್ತೀಯಲ್ಲೋ, ಅದಕ್ಕೆ ಬೇಳೆನಾದ್ರೂ ಹಾಕ್ಬಾರ್ದಾ?"

"ಗೊತ್ತಿತ್ತಾ ನಿಂಗೆ? ಮತ್ತೆ ಹಸಿವು ಹೇಗಾಗ್ತಿತ್ತು?"

"ನಂಗೆ ಗೊತ್ತು ಕಣೋ. ಹೊಟ್ಟೆಗೆ ಗೊತ್ತಿಲ್ವಲ್ಲ!"

ಈಗ ಬೇಳೆ ಹಳೆಯ ಕುಕ್ಕರಿನಲ್ಲೇ ಬೇಯುತ್ತದೆ. ಇವತ್ತು ಎರಡನೆಯ ಕೂಗಿಗೇ ನನಗೆ ಹಸಿವು ತಡೆಯಲಾಗದೆ ಇಳಿಸಿಬಿಟ್ಟೆ. ಬೇಳೆ ಕಾಳುಕಾಳಾಗಿಯೇ ಉಳಿದಿತ್ತು.

"ಇನ್ನೊಂದು ಕೂಗು ಬೇಕಿತ್ತು, ಆತುರಗಾರ" ಎಂದು ಅಕ್ಕ ಗೊಣಗಿದಳು. ಗೊಣಗುತ್ತಲೇ ಇನ್ನಷ್ಟು ಅನ್ನಕ್ಕೆ ತಟ್ಟೆ ಚಾಚಿದಳು.