ತಂಬಿಗೆಯೊಳಗಿನ ತೇವ

ನಮ್ಮ ಮನೆಯಲ್ಲಿ ಒಣಗಿದ ತಂಬಿಗೆಗೆ ಯಾರೂ ನೇರವಾಗಿ ಕುಡಿಯುವ ನೀರು ತುಂಬಿಸುವುದಿಲ್ಲ. ಬೆಳಿಗ್ಗೆಯೇ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದ್ದರೂ, ಬಂದವರ ಕೈಗೆ ಕೊಡುವ ಮುನ್ನ ಅವ್ವ ಅದಕ್ಕೆ ಒಂದು ಗುಟುಕು ನೀರು ಹಾಕಿ, ಮಣಿಕಟ್ಟು ತಿರುವಿ ಗಲಬರಿಸಿ, ದಾಸವಾಳದ ಬುಡಕ್ಕೆ ಚೆಲ್ಲಿ, ಆಮೇಲೆಯೇ ತುಂಬಿಸುತ್ತಾಳೆ. ಯಲಬುರ್ಗಾ ಕಡೆಯ ನಮ್ಮೂರಲ್ಲಿ ಹಾಗೆ ಮಾಡದವರನ್ನು ಕೊಳಕರು ಎನ್ನುವುದಿಲ್ಲ, ಅವಸರದವರು ಎನ್ನುತ್ತಾರೆ. ಅದೇ ದೊಡ್ಡ ಬೈಗುಳ.

ಈ ರೂಢಿಯನ್ನು ನಾನು ರಸಾಯನಶಾಸ್ತ್ರದ ಸಂಶೋಧನೆಗೆ ಹೊರಟಾಗಲೂ ಗಂಟಿನಲ್ಲಿ ಕಟ್ಟಿಕೊಂಡೇ ಹೋಗಿದ್ದೆ, ಗೆಳೆಯರೇ. ಅಲ್ಲಿ ನಾನು ಕಟ್ಟುತ್ತಿದ್ದುದು ಫ್ಲೋರೈಡನ್ನು ಹಿಡಿಯುವ ಒಂದು ಅಣುವನ್ನು. ಬೊಗಸೆಯಂತೆ ಒಳಬಾಗಿದ ಅಣು; ಋಣ ವಿದ್ಯುದಂಶ ಹೊತ್ತ ಪುಟ್ಟ ಫ್ಲೋರೈಡು ಬಂದು ಅದರಲ್ಲಿ ಕೂತರೆ ಹಳದಿ ದ್ರಾವಣ ಕೆಂಪಾಗಬೇಕು. ಮೊದಲ ಸಲ ಆಗಲಿಲ್ಲ. ಓವನ್ನಿನಲ್ಲಿ ಒಣಗಿಸಿಟ್ಟ ಸೀಸೆಯನ್ನು ನಾನು ಅಭ್ಯಾಸಬಲದಿಂದ ಗಲಬರಿಸಿಬಿಟ್ಟಿದ್ದೆ. ಗೋಡೆಗಂಟಿದ ನಾಲ್ಕು ಹನಿಯೇ ಆಟ ಕೆಡಿಸಿತ್ತು. ನನ್ನ ಗುರುಗಳು ನಕ್ಕು, ನೀರಿನ ಪಸೆಯೂ ಇಲ್ಲದ ದ್ರಾವಕ ಕೊಟ್ಟರು. ಅದರಲ್ಲಿ ಹಳದಿ ಕಣ್ಣೆದುರೇ ಕುಂಕುಮವಾಯಿತು. ಆ ಬಣ್ಣದ ಅಮಲಿನಲ್ಲಿ ನಾನು ಮೂರು ವರ್ಷ ತೇಲಿದೆ.

ಫ್ಲೋರೈಡು ನಮ್ಮ ಕಡೆ ಮನೆಮಂದಿಯಲ್ಲೊಬ್ಬ. ಬೋರಿನ ನೀರಿನೊಡನೆ ಒಳಗೆ ಬಂದು ಅವ್ವನ ಹಲ್ಲಿನ ಮೇಲೆ ಕಂದು ಗೆರೆ ಎಳೆದಿದ್ದಾನೆ, ಮೊಣಕಾಲಿನಲ್ಲಿ ಕಾಯಂ ಆಗಿ ಕೂತಿದ್ದಾನೆ. ಅಕ್ಕನ ಮಗಳು ನೀಲಾಳಿಗೆ ಈಗ ನಾಲ್ಕು ವರ್ಷ. ಹಾಲುಹಲ್ಲಿನ ಕೆಳಗೆ ಕಾಯಂ ಹಲ್ಲು ರೂಪುಗೊಳ್ಳುವ ವಯಸ್ಸು. ಅವಳಿಗಾಗಿ ಭಾವ ಪಕ್ಕದೂರಿನ ಶುದ್ಧ ನೀರಿನ ಘಟಕದಿಂದ ಬೈಕಿನ ಮೇಲೆ ಕ್ಯಾನು ತರುತ್ತಿದ್ದ. ಅಷ್ಟರಲ್ಲಿ ಮನೆಯೆದುರಿಗೇ ಹೊಸ ಬೋರು ಬಿತ್ತು. "ಈ ನೀರು ಕೂಸಿಗೆ ಕುಡಿಸಬೌದೇನು, ನೋಡಿ ಹೇಳವ್ವಾ" ಎಂದು ಅವ್ವ ಫೋನು ಮಾಡಿದಳು.

ಹಳದಿ ದ್ರಾವಣದ ಸೀಸೆಯನ್ನು ಹತ್ತಿಯಲ್ಲಿ ಸುತ್ತಿಕೊಂಡು, ಹೆಮ್ಮೆಯಿಂದ ಊರಿಗೆ ಬಂದೆ. ಮಧ್ಯಾಹ್ನದ ತೂಕಡಿಕೆಯ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂತು ಹೊಸ ಬೋರಿನ ನೀರನ್ನು ಅದಕ್ಕೆ ಹನಿಹನಿಯಾಗಿ ಬಿಟ್ಟೆ. ಹಳದಿ ಹಳದಿಯಾಗಿಯೇ ಉಳಿಯಿತು.

"ಕೆಂಪ ಆಗ್ಲಿಲ್ಲ. ಛಲೋ ಆತು ಬಿಡು, ಇನ್ನ ಇದ ನೀರು ಸಾಕು" ಎಂದ ಅವ್ವ ನೀಲಾಳ ಪುಟ್ಟ ಲೋಟ ಗಲಬರಿಸತೊಡಗಿದಳು.

ನಂಬಿಬಿಡೋಣವೆಂದು ನನಗೂ ಆಸೆಯಾಯಿತು. ಆದರೆ ಆ ಲೋಟದ ಗೋಡೆಗೆ ಅಂಟಿಕೊಂಡೇ ಇದ್ದ ಹನಿಗಳನ್ನು ನೋಡುತ್ತಿದ್ದಂತೆ ನನ್ನ ಮೊದಲ ಸೀಸೆ ನೆನಪಾಯಿತು. ನೀರಿನಲ್ಲಿರುವ ಫ್ಲೋರೈಡು ಒಂಟಿಯಲ್ಲ. ಸುತ್ತ ನೀರಿನ ಅಣುಗಳು ಮುತ್ತಿಕೊಂಡು ಕೈ ಹಿಡಿದಿರುತ್ತವೆ, ಅಯಾನು ಚಿಕ್ಕದಾದಷ್ಟೂ ಆ ಹಿಡಿತ ಬಿಗಿ. ಅಷ್ಟು ಬಳಗವನ್ನು ಬಿಡಿಸಿಕೊಂಡು ಅದು ನನ್ನ ಬೊಗಸೆಗೇಕೆ ಬಂದೀತು? ಬಂದರೂ ಜಾಗವೆಲ್ಲಿ, ಬೊಗಸೆಯೊಳಗೂ ನೀರೇ ಕೈಯಿಟ್ಟಿರುತ್ತದೆ. ದ್ರಾವಕವೆಂದರೆ ಆಟ ನಡೆಯುವ ಬಯಲು ಎಂದುಕೊಂಡಿದ್ದೆ, ಅದೂ ಆಟಗಾರನೇ. ಅವ್ವ ಕೇಳಿದ್ದು ನೀರಿನ ಪ್ರಶ್ನೆ, ನಾನು ಮೂರು ವರ್ಷ ಸೀಸೆ ಒಣಗಿಸುತ್ತಾ ಕೂತಿದ್ದೆ. ನಾಚಿಕೆಯಾಯಿತು. ಅವಳ ಕೈಯಿಂದ ಲೋಟ ತೆಗೆದುಕೊಂಡೆ.

"ಅವ್ವಾ, ಹಳದಿ ಅಂದ್ರ ವಿಷ ಇಲ್ಲಂತ ಅಲ್ಲ. ಇದಕ್ಕ ಕಾಣವಲ್ದು. ನೀರು ಅದನ್ನ ಹಿಡಕೊಂಡೈತಿ, ಬಿಟ್ಟುಕೊಡವಲ್ದು."

ಅವ್ವ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ, ಕುಹಕದ ಎಳೆಯೂ ಇಲ್ಲದೆ, ಖರೇ ತಿಳಿಯಬೇಕೆಂದೇ ಕೇಳಿದಳು: "ಹಂಗಾರ ನನ್ನ ಹಲ್ಲು ಅದನ್ನ ನೀರಿನ ಕೈಯಿಂದ ಹೆಂಗ ಬಿಡಿಸ್ಕೊಂಡ್ವು?"

ನಾನು ಕಟ್ಟಲಾರದ ಬೊಗಸೆ, ಓವನ್ನಿಲ್ಲದೆ, ನೀರಿನಲ್ಲೇ ನೆನೆದು ಐವತ್ತು ವರ್ಷ ದುಡಿದದ್ದು, ಎದುರಿಗೇ ಸೆರಗು ಹೊದ್ದು ಕೂತಿತ್ತು. ಅವಳ ಹಲ್ಲು, ಅವಳ ಎಲುಬು, ಅವುಗಳೊಳಗೆ ಕೂತು ಫ್ಲೋರೈಡನ್ನು ನೀರಿನ ಕೈಯಿಂದ ಎಳೆದುಕೊಳ್ಳುವ ಕ್ಯಾಲ್ಸಿಯಂ. ಅವಳು ನಕ್ಕಾಗಲೆಲ್ಲ ಬಾಯಿ ಮುಚ್ಚಿಕೊಳ್ಳುವುದನ್ನು ಕಂಡಿದ್ದೆ. ಒಮ್ಮೆಯೂ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ.

ಆ ನೀರನ್ನು ಬಾಟಲಿಯಲ್ಲಿ ಕೊಪ್ಪಳದ ಪ್ರಯೋಗಾಲಯಕ್ಕೆ ಒಯ್ದು ಕೊಟ್ಟೆವು. ಕುಡಿಯಲು ಯೋಗ್ಯವಲ್ಲವೆಂದು ಚೀಟಿ ಬಂತು. ಭಾವನ ಬೈಕು ಮತ್ತೆ ಪಕ್ಕದೂರಿನ ದಾರಿ ಹಿಡಿಯಿತು.

ಈಗ ನನ್ನ ಬೊಗಸೆಯ ನಡುವೆ ಒಂದು ಲೋಹದ ಅಯಾನನ್ನು ಕೂರಿಸುತ್ತಿದ್ದೇನೆ, ಎಲುಬಿನಲ್ಲಿ ಕ್ಯಾಲ್ಸಿಯಂ ಕೂತಂತೆ. ಬಣ್ಣ ಇನ್ನೂ ಸರಿಯಾಗಿ ತಿರುಗಿಲ್ಲ. ಒಮ್ಮೊಮ್ಮೆ ತೆಳು ಕಿತ್ತಳೆಯ ಛಾಯೆ ಬಂದಂತಾಗಿ ಕಣ್ಣುಜ್ಜಿಕೊಳ್ಳುತ್ತೇನೆ. ಓವನ್ನಿನಿಂದ ತೆಗೆದ ಬೆಚ್ಚನೆಯ ಸೀಸೆಯನ್ನು ಈಗ ಮೊದಲು ಗಲಬರಿಸುತ್ತೇನೆ, ಅವ್ವನ ಹಾಗೆಯೇ ಮಣಿಕಟ್ಟು ತಿರುವಿ. ಅದಕ್ಕೆಂದು ನಾನು ತಂದಿಟ್ಟುಕೊಂಡದ್ದು ನಮ್ಮ ಮನೆಯೆದುರಿನ ಆ ಬೋರಿನ ನೀರನ್ನೇ.